ಟಾರ್ಕ್ವಿಲ್ ಎತ್ತಿಕೊಟ್ಟ ಸಾಲು

ಭಾನುವಾರ ಪ್ರಾರ್ಥನೆ ಮುಗಿಸಿ ಬರುವಾಗ ಜಡಿಮಳೆ ಹಿಡಿದು ನಾವು ನಾಲ್ವರು ಮರ್ಡೀನಾ ಅಜ್ಜಿಯ ಅಡುಗೆಮನೆ ಸೇರಿದ್ದೆವು. ಚಹಾ, ಓಟ್ಸ್ ರೊಟ್ಟಿ ಬಂತು. ನಮ್ಮೂರಲ್ಲಿ ಬೀಗ ಬಿದ್ದಿರುವ ಮೂರನೇ ಚರ್ಚನ್ನು ಯಾರೋ ಕೊಂಡು ಮನೆ ಮಾಡಿಕೊಳ್ಳುತ್ತಾರಂತೆ ಎಂದು ನಾನು ಅಂದದ್ದೇ ತಡ, ಅಜ್ಜಿ ರೇಗಿದಳು.

"ಮನೆ ಮಾಡ್ಕೋತಾರಂತೆ, ಮನೆ! ಒಳಗಿರೋನನ್ನ ಕೇಳಿದ್ರಂತಾ? ನೋಡ್ರಪ್ಪಾ, ಅರವತ್ತು ಮನೆ ಊರಿಗೆ ಮೂರು ಚರ್ಚು ಯಾಕೆ ಬೇಕಿತ್ತು? ಮೊದಲು ಒಂದೇ ಇತ್ತು. ಪಾದ್ರಿಯನ್ನ ಜಮೀನ್ದಾರ ಆರಿಸಬೇಕೋ ಜನ ಆರಿಸಬೇಕೋ ಅಂತ ಜಗಳ ಹತ್ತಿ, ಅರ್ಧ ಊರು ಎದ್ದುಹೋಗಿ ರಸ್ತೆ ಆಚೆ ಇನ್ನೊಂದು ಕಟ್ಟಿತು. ಕಾಲ ಕಳೆದು ಆ ಎರಡೂ ಒಂದಾಗ್ತೀವಿ ಅಂದಾಗ, ಸತ್ತರೂ ಅವರ ಪಕ್ಕ ಕೂರಲ್ಲ ಅಂದ ಹಟಮಾರಿಗಳು ಮೂರನೇದು ಕಟ್ಟಿದರು. ಅವರಲ್ಲಿ ನಮ್ಮಪ್ಪ ಟಾರ್ಕ್ವಿಲ್ ಒಬ್ಬ.

"ಅಪ್ಪನ ಕೆಲಸ ಸಾಲು ಎತ್ತಿಕೊಡೋದು. ವಾದ್ಯ ಮುಟ್ಟಿದರೆ ಪಾಪ ನಮ್ಮಲ್ಲಿ. ಬೈಬಲಿನ ಕೀರ್ತನೆಯ ಒಂದು ಸಾಲು ಅವನು ಹಾಡಬೇಕು, ಜನ ಅದನ್ನೇ ಎಳೆದು ಹಾಡಬೇಕು, ಆಮೇಲೇ ಮುಂದಿನ ಸಾಲು. ಜನ ಸತ್ತರು, ಊರು ಬಿಟ್ಟರು... ಕೊನೆಗೆ ಉಳಿದಿದ್ದು ಅಪ್ಪ, ನಾನು. ನಾನೇನು ಮಾಡಿದೆ? ಎದುರು ಚರ್ಚಿನವನನ್ನ ಕಟ್ಟಿಕೊಂಡೆ! 'ಹೋಗು ಮಗಳೇ, ಗೋಡೆಗಳಿವೆಯಲ್ಲ, ಹಾಡ್ತಾವೆ' ಅಂದ ಅಪ್ಪ.

"ಒಂದು ಭಾನುವಾರ ಗಂಡನ ಜೊತೆ ಅಲ್ಲೇ ಹಾದುಹೋಗ್ತಿದ್ದೆ. ಒಳಗಿಂದ ಸಾಲು ಬಂತು... ನಿಂತಿತು. ಕಾಯ್ತಿದ್ದ, ಒಬ್ಬನೇ. ಎಳೆದು ಹಾಡೋಕೆ ಆ ಸಾಲು ನನ್ನ ನಾಲಿಗೆ ತುದಿಗೆ ಬಂದಿತ್ತು ಕಣ್ರೋ! 'ಏನೇ, ಮತ್ತೆ ಹಟಮಾರಿಗಳ ಕಡೆ ಸೇರ್ತೀಯಾ?' ಅಂತ ನನ್ನ ಗಂಡ ನಕ್ಕ. ನಾಚಿಕೆಯಾಗಿ ನಡೆದುಬಿಟ್ಟೆ. ಸೋಮವಾರ ನೋಡಿದ್ರೆ ಅಪ್ಪ ಅದೇ ಪೀಠದಲ್ಲಿ ಕೂತಲ್ಲೇ ಹೋಗಿದ್ದ, ಪುಸ್ತಕ ತೊಡೆಮೇಲೆ.

"ಮುಂದಿನ ಭಾನುವಾರ, ಬೀಗ ಹಾಕಿದ ಚರ್ಚಿಂದ ಅದೇ ಸಾಲು! ಯಾರು ಏನಾದರೂ ಅಂದ್ಕೊಳ್ಳಲಿ ಅಂತ ಬಾಗಿಲಿಗೆ ಹಣೆ ಒತ್ತಿ ಎಳೆದು ಹಾಡಿದೆ. ಇನ್ನು ಅವನಿಗೆ ಬಿಡುಗಡೆ ಅಂದ್ಕೊಂಡೆ. ನಾನೆಂಥ ಪೆದ್ದಿ! ಅವನು ಹಿಡಿದಿದ್ದು ನೂರ ಹತ್ತೊಂಬತ್ತನೇ ಕೀರ್ತನೆ... ನೂರ ಎಪ್ಪತ್ತಾರು ಪದ್ಯ! ವಾರಕ್ಕೆ ಒಂದೇ ಸಾಲು ಕೊಡ್ತಾನೆ, ಮುಗಿದರೆ ಮತ್ತೆ ಮೊದಲಿಂದ. ಐವತ್ತು ವರ್ಷದಿಂದ ಒಂದು ವಾರವೂ ತಪ್ಪಿಸಿಲ್ಲ ನಾನು. ಅವನನ್ನ ಮತ್ತೆ ಒಬ್ಬನನ್ನೇ ಬಿಡೋದು ಹೇಗೆ?

"ಹೋದ ಭಾನುವಾರ ನೆಗಡಿಯಾಗಿ ಗಂಟಲು ಕಟ್ಟಿತ್ತು. ಬಾಗಿಲ ಹೊರಗೆ ನಿಂತು ಬಾಯಿ ತೆರೆದೆ, ದನಿ ಹೊರಡಲಿಲ್ಲ. ಅಯ್ಯೋ, ಕಾಯ್ತಿದ್ದಾನಲ್ಲಪ್ಪಾ ಅಂತ ಅತ್ತುಬಿಟ್ಟೆ... ಆದರೆ ಸಾಲಿಗೆ ಉತ್ತರ ಬಂತು ಕಣ್ರೋ. ಒಳಗಿಂದ. ಅಪ್ಪ ಅಂದಂತೆ ಗೋಡೆಗಳೇ ಹಾಡ್ತಿದ್ದವು. ಚೆನ್ನಾಗಿ ಕೇಳಿದೆ. ಅದು ನನ್ನದೇ ದನಿ."