ಗೋಪಣ್ಣ ಬಾವಿಕಟ್ಟಿಗೆ ಬಂದ ರಾತ್ರಿ

ಬಾಗಿಲ ಹಾಕಿ ಕುಂದರ್ರಿ, ಹೇಳತೀನಿ. ಇದು ಎಲ್ಲೋ ಯಾರೋ ಕಂಡಿದ್ದಲ್ಲ. ಗೊರೇಬಾಳದಾಗ ನಮ್ಮ ಚಿಗವ್ವನ ಮಗ ವಿರೇಶ ಅದಾನಲ್ಲ... ಅವನಿಗೇ ಆಗಿದ್ದು. ಹೋದ ವರ್ಷ, ಭತ್ತ ತೆನಿ ಕಟ್ಟೋ ಹೊತ್ತಿನ್ಯಾಗ.

ಅವನ ಅಣ್ಣ ಗೋಪಣ್ಣಗ ಕೆಸರಗದ್ಯಾಗ ನಿಂತು ನಿಂತು ಇಲಿಜ್ವರ ಹತ್ತಿತ್ತು. ಸಿಂಧನೂರಾಗ ಒಂದು ದವಾಖಾನಿ ಐಸಿಯುದಾಗ ಹಾಕಿದ್ರು. ಬಾಯಾಗ ಪೈಪು, ಮೈಮ್ಯಾಲ ಖಬರಿಲ್ಲ. ನೋಡನೋಡತಿದ್ದಂಗ ಗಟ್ಟಿ ಆಳಿನ ತೋಳು ಕಡ್ಡಿ ಆದ್ವು.

ವಿರೇಶ ಡಾಕ್ಟರಿಗೆ ಗಂಟುಬಿದ್ದ, ಶಕ್ತಿ ಬರೋದು ಏನರ ಏರಸ್ರೀ ಅಂತ. ಡಾಕ್ಟರ್ ತಿಳಿಸಿ ಹೇಳಿದ್ರು. ಇಂಥಾ ಬ್ಯಾನ್ಯಾಗ ಮೈಯಾಗಿನ ಒಂದೊಂದು ಜೀವಕೋಶನೂ ತನ್ನನ್ನ ಕಾಯಾಕ ಪ್ರೋಟೀನು ಮಾಡಿಕೊಂತೈತಿ, ಅದಕ್ಕ ಬೇಕಾದ ಅಮೈನೋ ಆಮ್ಲ ಸಾಲದಿದ್ರ ಮೈ ತನ್ನ ಮಾಂಸನ ತಾನ ಕರಗಸತೈತಿ. ಬಾಟ್ಲ್ಯಾಗ ಅದನ್ನ ಕೊಡಬಹುದು. ಆದ್ರ ಕಿಡ್ನಿ ಸೋತ್ರ ಅದೇ ವಜ್ಜಿ ಆಗಿ ಜೀವಕ್ಕ ಬರತೈತಿ. ಆವತ್ತಿನ ಮಟ್ಟಿಗೆ ಕಿಡ್ನಿ ನೆಟ್ಟಗಿದ್ವು. ಬಾಟ್ಲಿ ಹಚ್ಚಿದ್ರು. ಹನಿ ಇಳಿಯೋದು ನೋಡಿ ವಿರೇಶಗ ಜೀವಕ್ಕ ಸಮಾಧಾನ ಆತು.

ಆ ರಾತ್ರಿ ಗದ್ದಿಗೆ ಕಾಲುವಿ ನೀರಿನ ಪಾಳಿ. ಅತ್ತಿಗಿ ತಿಮ್ಮವ್ವನ್ನ ದವಾಖಾನ್ಯಾಗ ಬಿಟ್ಟು ಕಡೀ ಆಟೋಕ್ಕ ಬಂದ. ಕ್ರಾಸಿನ್ಯಾಗ ಇಳದು ಒಬ್ಬನ ನಡದ. ಬೆಳದಿಂಗಳಿಲ್ಲ, ಕೈಯಾಗ ಬ್ಯಾಟರಿ ಲೈಟು ಒಂದಿತ್ತು. ತೂಬಿನ್ಯಾಗ ನೀರು ಗುಳುಗುಳು ಅಂತಿತ್ತು, ಕಪ್ಪಿ ಒಟರ್ ಒಟರ್ ಅಂತ ಒದರಾಕತ್ತಿದ್ವು. ಹಳೀ ಬಾವಿ ಹತ್ರ ಬಂದ...

ಕಪ್ಪಿ ಎಲ್ಲಾ ಒಮ್ಮಿಗೇ ಸುಮ್ಮನಾದ್ವು.

ಟಪ್... ಟಪ್... ಟಪ್...

ಕಲ್ಲಿನ ಮ್ಯಾಲ ನೀರು ಬೀಳೋ ಸಪ್ಪಳ. ಕಟ್ಟಿ ಮ್ಯಾಲ ಯಾರೋ ಕುಂತಿದ್ರು. ಮೈಮ್ಯಾಲ ದವಾಖಾನಿ ಹಸುರಂಗಿ. ಎಡಗೈ ಮುಂದ ಚಾಚಿತ್ತು, ಬೆರಳಿನ ತುದಿಲಿಂದ ನೀರು ಸೋರಾಕತ್ತಿತ್ತು. ಮಾರಿ ಬಾತಿತ್ತು... ಆದ್ರೂ ಗುರುತು ಹತ್ತಿತು.

"ಅಣ್ಣಾ..."

"ತಮ್ಮಾ... ಸಾಕಂತ ಹೇಳು ಅವರಿಗೆ. ತುಂಬೇತಿ. ಹೊರಗ ಹೋಗಾಕ ದಾರಿಲ್ಲ."

ಅಣ್ಣ ಹೋಗಿಬಿಟ್ಟಾನ ಅಂದುಕೊಂಡ ವಿರೇಶ. ನಿಂತಲ್ಲೇ ಐಸಿಯು ನರ್ಸ್ ನಗ್ಮಾಗ ಫೋನ್ ಹಚ್ಚಿದ, ಅಣ್ಣ ಅದಾನೇನ್ರೀ ಅಂತ ಪಿಸುಗುಟ್ಟಿದ. ಅದಾನ್ರೀ, ಮಿಶನ್ನಿನ ಉಸಿರು ನಡದೈತಿ ಅಂದ್ಲಾಕಿ. ಡಾಕ್ಟರ್ ಕಿಡ್ನಿ ಮಾತು ಆಡಿದ್ದು ಆವಾಗ ನೆನಪಾತು.

"ಸಿಸ್ಟರ್‌ರೀ, ಉಚ್ಚಿ ಚೀಲ ನೋಡ್ರೀ. ಆ ಬಾಟ್ಲಿ ಸಾಕಂತ ಡಾಕ್ಟರಿಗೆ ಹೇಳ್ರೀ."

ನಗ್ಮಾ ಫೋನ್ ಹಿಡಕೊಂಡೇ ಹೋದ್ಲು. ಮುಂಚೆ ನೋಡಿದಾಗ ಬರಾಕತ್ತಿತ್ತಂತ. ಆಮ್ಯಾಲ ಹೊಸಾದು ಒಂದು ಹನಿ ಇಳದಿಲ್ಲ. ಡಾಕ್ಟರನ್ನ ಎಬ್ಬಿಸಿದ್ಲು. ಅವರು ಬಂದು ಬಾಟ್ಲಿ ತಗಸಿದ್ರು, ರಕ್ತ ತಪಾಸ ಮಾಡಿ ಬೆಳಕು ಹರಿಯೋದ್ರಾಗ ಡಯಾಲಿಸಿಸ್ ಹಚ್ಚಿದ್ರು.

ಇತ್ತ ವಿರೇಶ ಫೋನಿಂದ ತಲಿ ಎತ್ತಿದ. ಕಟ್ಟಿ ಮ್ಯಾಲ ಯಾರೂ ಇದ್ದಿಲ್ಲ. ಕೈ ಇಟ್ಟು ನೋಡಿದ... ಕಲ್ಲು ಒಣಗಿತ್ತು. ಆ ರಾತ್ರಿ ಗದ್ದಿಗೆ ನೀರು ಕಟ್ಟಲಿಲ್ಲ. ಮನಿಗೆ ಬಂದು ಲೈಟು ಹಚ್ಚಿಕೊಂಡು ಕುಂತ.

ಗೋಪಣ್ಣ ಉಳಕೊಂಡ. ತಿಂಗಳಾದಮ್ಯಾಲ ಗ್ವಾಡಿ ಹಿಡಕೊಂಡು ನಡದ. ಕಿಡ್ನಿ ಸೋತಿದ್ದು ಜ್ವರಕ್ಕ, ಆ ಬಾಟ್ಲಿ ಹಂಗ ಬಿಟ್ಟಿದ್ರ ಏನಾಗತಿತ್ತೋ ಹೇಳಾಕ ಬರಂಗಿಲ್ಲ ಅಂದ್ರು ಡಾಕ್ಟರ್. ಬಾವಿ, ಕಟ್ಟಿ... ಗೋಪಣ್ಣಗ ಒಂದೂ ನೆನಪಿಲ್ಲ.

ಮನಿಗೆ ಕರಕೊಂಡು ಹೊಂಟ ದಿನ ನಗ್ಮಾ ವಿರೇಶನ್ನ ಬಾಜೂಕ ಕರದ್ಲು.

"ಆ ರಾತ್ರಿ ಫೋನಿನ್ಯಾಗ ನಿಮ್ಮ ಹಿಂದ ಒಬ್ರು ಒಂದೇ ಸವನ ಕೆಮ್ಮಾಕತ್ತಿದ್ರಲ್ರೀ. ಹೆಣ್ಣಮಗಳ ದನಿ ಇದ್ದಂಗಿತ್ತು. ಅವರನ್ನ ಯಾರಿಗರ ತೋರಿಸಿದ್ರೇನು?"

ವಿರೇಶಗ ಆ ರಾತ್ರಿ ಕೆಮ್ಮು ಕೇಳಿಸಿದ್ದಿಲ್ಲ. ಬಾವಿ ಕಡೆ ಮಾರಿ ಮಾಡಿ ನಿಂತಿದ್ನಲ್ಲ... ಹಿಂದಕ್ಕ ಹೊಳ್ಳಿ ನೋಡೇ ಇದ್ದಿಲ್ಲ.

ನಾ ಕಟ್ಟಿ ಹೇಳಿದ್ದಲ್ಲ. ನಗ್ಮಾ ಇವತ್ತಿಗೂ ಅದೇ ದವಾಖಾನ್ಯಾಗ ಅದಾಳ.