ಸಾಹಿತ್ಯ, ಸಂಗೀತ: ಜನಪದ

ಬೇಡ, ಬೇಡ, ಚಾಪೆ ಹಾಸಬೇಡಿ ಮುತ್ತವ್ವ. ನನ್ನ ಮಂಡಿ ಒಂದ್ಸಲ ಮಡಚಿದರೆ ಎಬ್ಬಿಸೋಕೆ ಇಬ್ಬರು ಬೇಕು. ಈ ಹಿಟ್ಟಿನ ಡಬ್ಬದ ಮೇಲೇ ಕೂತ್ಕೋತೀನಿ. ತಡೆಯುತ್ತೆ ತಾನೆ?... ಯಾಕೆ ನಗ್ತೀರಿ? ಓ, 'ನೀವು' ಅಂದೆ ಅಂತಲಾ? ಆಗ ಆಫೀಸಿನಲ್ಲಿ 'ಏ ಮುತ್ತವ್ವ, ಬಾ ಇಲ್ಲಿ' ಅಂತಿದ್ದ ಸಾವ್ಕಾರ ಈಗ ಕಾಮಾಕ್ಷಿಪಾಳ್ಯದ ಗಲ್ಲಿ ಹುಡುಕ್ಕೊಂಡು ಬಂದು ನೀವು, ತಾವು ಅಂತಾನೆ! ನಗಿ, ನಗಿ. ವಯಸ್ಸಾಯ್ತು, ಮರ್ಯಾದೆ ಕಲಿತ ಅಂತ ತಿಳ್ಕೊಳ್ಳಿ. ಏನೋ ಕೆಲಸ ಇದೆ ಇವನಿಗೆ ಅಂತಾನೂ ತಿಳ್ಕೊಳ್ಳಿ. ಎರಡೂ ನಿಜವೇ.

ಕೈ ನಿಲ್ಲಿಸಬೇಡಿ. ರೊಟ್ಟಿ ಬಡೀರಿ. ವಿಜಯನಗರದ ಖಾನಾವಳಿಯವರು ಸಂಜೆ ಬಂದು ತಗೊಂಡು ಹೋಗ್ತಾರಂತೆ, ಕೆಳಗಿನ ಮನೆಯವರು ಹೇಳಿದ್ರು. ಇನ್ನೊಬ್ಬರ ವ್ಯಾಪಾರಕ್ಕೆ ಅಡ್ಡ ಬರೋನಲ್ಲ ಈ ಕೊಟ್ರಪ್ಪ. ನೀವು ಬಡೀತಾ ಇರಿ, ನಾನು ಮಾತಾಡ್ತಾ ಇರ್ತೀನಿ.

ಪೇಪರ್ ನೋಡಿದ್ರಾ? 'ಗೆಜ್ಜೆಗೂಳಿ ಆಡಿಯೋ ಒಡೆಯನ ಪತನ.' ಪತನ! ನಾನೇನು ವಿಮಾನವೇ ಪತನ ಆಗೋಕೆ? ಕುರ್ಚಿಯಿಂದ ಇಳಿಸಿದ್ದಾರೆ, ಅಷ್ಟೇ. ಕುರ್ಚಿ ನಾನೇ ತಂದಿದ್ದು, ಇನ್ನೊಂದು ತರ್ತೀನಿ. ನನ್ನ ಅಕ್ಕನ ಮಗ ಯಶ್ವಂತ, ನನ್ನ ಅನ್ನ ಉಂಡು ಬೆಳೆದವನು, ಬಸವೇಶ್ವರನಗರದ ಆಫೀಸಿನ ಮುಂದೆ ಏಣಿ ಹಾಕಿಸಿ ನನ್ನ ಗೂಳಿ ಚಿತ್ರದ ಬೋರ್ಡು ಬಿಚ್ಚಿಸ್ತಾನೆ! ನಾನು ಎದುರುಗಡೆ ಎಳನೀರಿನವನ ಹತ್ತಿರ ನಿಂತು ನೋಡ್ದೆ. ಪೂರ್ತಿ ನೋಡ್ದೆ. ಕೊನೇ ನಟ್ಟು ಬಿಚ್ಚೋಕೆ ಬರ್ಲಿಲ್ಲ ಅವರಿಗೆ. 'ಎಡಕ್ಕೆ ತಿರುಗಿಸ್ರೋ' ಅಂತ ನಾನೇ ಕೂಗಿ ಹೇಳ್ದೆ. ಹಾಕಿಸಿದವನು ನಾನಲ್ಲವಾ!

ಅಳ್ತಾನೆ ಅಂದ್ಕೊಂಡಿದ್ರು. ಕೊಟ್ರಪ್ಪ ಅಳ್ತಾನಾ? ರಾಜಾಜಿನಗರದಲ್ಲಿ ಸೈಕಲ್ ಶಾಪಿಗೂ ಹಾಲಿನ ಬೂತಿಗೂ ಮಧ್ಯೆ ಒಂದು ಗೂಡು ಹಿಡಿದು ಶುರು ಮಾಡಿದವನು. ಕ್ಯಾಸೆಟ್ಟಿನ ರೀಲು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತಿಕೊಡ್ತಿದ್ದೆ. ನನಗೆ ಶ್ರುತಿ ಗೊತ್ತಿಲ್ಲ, ರಾಗ ಗೊತ್ತಿಲ್ಲ, ಮಂಗಳಾರತಿ ಹಾಡೋಕೂ ಬರಲ್ಲ. ಆದರೆ ಅಂಗಡಿ ಮುಂದೆ ಸ್ಪೀಕರ್ ಇಟ್ಟು ಹೊಸ ಹಾಡು ಹಾಕಿ, ಬಸ್ ಸ್ಟಾಪಿನಲ್ಲಿ ನಿಂತವರ ಚಪ್ಪಲಿ ನೋಡ್ತಿದ್ದೆ. ಮುಖ ಸುಳ್ಳು ಹೇಳುತ್ತೆ ಮುತ್ತವ್ವ, ಚಪ್ಪಲಿ ಹೇಳಲ್ಲ. ಚಪ್ಪಲಿ ತಾಳ ಹಾಕಿತಾ, ಆ ಕ್ಯಾಸೆಟ್ ತರಿಸು. ಹಾಕಲಿಲ್ವಾ, ಎಂಥಾ ದೊಡ್ಡ ವಿದ್ವಾಂಸ ಹಾಡಿದ್ದರೂ ವಾಪಸ್ ಕಳಿಸು. ಇಷ್ಟೇ ನನ್ನ ಸಂಗೀತ. ಇಷ್ಟರಲ್ಲೇ ಸ್ವಂತ ಕಂಪನಿ ಕಟ್ಟಿದೆ. ಕ್ಯಾಸೆಟ್ ಸತ್ತಿತು, ನಾನು ಸಾಯಲಿಲ್ಲ. ಸೀಡಿ ಬಂತು, ಹೋಯ್ತು. ಕಾಲರ್ ಟ್ಯೂನ್ ಬಂತು, ಹೋಯ್ತು. ಯೂಟ್ಯೂಬ್ ಬಂತು, ಅಲ್ಲೂ ನನ್ನ ಗೂಳಿ ಗೆಜ್ಜೆ ಕಟ್ಟಿಕೊಂಡು ನಿಂತಿತ್ತು.

ಮತ್ತೆ ನಿಮ್ಮ ಹಾಡು. ಸುಳ್ಳು ಯಾಕೆ ಹೇಳಲಿ, ನನ್ನ ಅಂಗಡಿ ಬೆಳಗಿಸಿದ್ದು ಅದೇ. 'ಎತ್ತು ಬಂದಾವ ಮನಿಗೆ, ಎದ್ದು ಬಾರ ಕಂದವ್ವ...' ಹಾಡೋಕೆ ಬರಲ್ಲ ಅಂದ್ನಲ್ಲ, ಮುಖ ಹಾಗೆ ಮಾಡಬೇಡಿ. ಯಾವ ನಾಮಕರಣಕ್ಕೆ ಹೋಗಿ, ಅದೇ ಹಾಡು. ಮೊನ್ನೆ ಲಗ್ಗೆರೆಯಲ್ಲಿ ನಮ್ಮ ಡ್ರೈವರ್ ಮಗಳ ಸ್ಕೂಲ್ ಡೇ, ಚಿಕ್ಕ ಚಿಕ್ಕ ಹುಡುಗೀರು ಹಳದಿ ಲಂಗ ಹಾಕ್ಕೊಂಡು, ಕೆನ್ನೆಗೆ ಕೆಂಪು ಬಳ್ಕೊಂಡು ಅದಕ್ಕೇ ಕುಣಿದ್ರು. 'ಎದ್ದು ಬಾರ' ಅಂದಾಗ ಎಲ್ಲರೂ ಒಟ್ಟಿಗೆ ಎದ್ದು ಕೈ ಮೇಲೆತ್ತೋದು! ಎಂಥಾ ಚಪ್ಪಾಳೆ ಅಂತೀರಿ...

ಯಾಕೆ ಅಷ್ಟು ಜೋರಾಗಿ ಬಡೀತೀರಿ? ರೊಟ್ಟಿ ಹರಿದುಹೋಗುತ್ತೆ.

ಸರಿ, ವಿಷಯಕ್ಕೆ ಬರ್ತೀನಿ. ಕ್ಯಾಸೆಟ್ ಮೇಲೆ ನಾನು ಏನು ಅಚ್ಚು ಹಾಕಿಸಿದ್ದೆ ನೆನಪಿದೆಯಾ? 'ಗಾಯನ: ಮುತ್ತವ್ವ ಮತ್ತು ತಂಡ. ಸಾಹಿತ್ಯ, ಸಂಗೀತ: ಜನಪದ.' ನಾನೊಬ್ಬನೇ ಅಲ್ಲ, ಈ ಲೈನಿನಲ್ಲಿ ಎಲ್ಲರೂ ಹಾಗೇ ಹಾಕಿಸ್ತಿದ್ರು. ಹಳ್ಳಿ ಹಾಡು ಅಂದರೆ ಜನಪದ. ಜನಪದ ಅಂದರೆ ಯಾರದ್ದೂ ಅಲ್ಲ. ಯಾರದ್ದೂ ಅಲ್ಲದ್ದನ್ನ ಯಾರು ಬೇಕಾದರೂ ಮಾರಬಹುದು. ಒಂದು ಹೆಸರು ಹಾಕಿಸಿ ನೋಡಿ, ಮಾರನೇ ದಿನ ಆ ಹೆಸರಿನ ಚಿಕ್ಕಪ್ಪ ಬಂದು ಬಾಗಿಲಲ್ಲಿ ನಿಂತಿರ್ತಾನೆ. ವ್ಯಾಪಾರ ಮಾಡೋಕೆ ಕೂತವನು ಊರಿನ ಚಿಕ್ಕಪ್ಪಂದಿರನ್ನೆಲ್ಲ ಸಾಕೋಕೆ ಆಗುತ್ತಾ?

ಆದರೆ ನೋಡಿ, ಮುಂಬೈನ ಆ ಕಂಪನಿ. ಅದೇ ಧಾಟಿ ಎತ್ತಿ ಸಿನಿಮಾಗೆ ಹಾಕ್ಕೊಂಡ್ರು. ನಾನು ನೋಟಿಸ್ ಕೊಟ್ಟರೆ ಅವರು ತಿರುಗಿಸಿ ಯೂಟ್ಯೂಬಿಗೆ ನನ್ನ ಮೇಲೇ ದೂರು ಕೊಟ್ಟರು, ನಾನು ಅವರ ಹಾಡು ಕದ್ದೆ ಅಂತ! ನನ್ನ ಗೂಡಿನಲ್ಲಿ ಹುಟ್ಟಿದ ಹಾಡನ್ನ ನಾನೇ ಕದ್ದೆನಂತೆ! ಒಂದಾದ ಮೇಲೆ ಒಂದು ದೂರು, ಚಾನೆಲ್ಲಿಗೇ ಬೀಗ. ಒಂದು ಹಾಡಿನ ಜಗಳಕ್ಕೆ ನನ್ನ ಎಲ್ಲಾ ಹಾಡೂ ಮಾಯ. 'ಮಾವ, ನಿಮ್ಮ ಹಠಕ್ಕೆ ಕಂಪನಿ ಮುಳುಗಿತು' ಅಂತ ಯಶ್ವಂತ ಪಾಲುದಾರರನ್ನ ಕೂಡಿಸಿ ನನ್ನನ್ನ ಹೊರಗೆ ಹಾಕಿದ. ಕೋರ್ಟಿನಲ್ಲಿ ಆ ಮುಂಬೈನವರ ವಕೀಲ, ಇನ್ನೂ ಮೀಸೆ ಬಲಿತಿಲ್ಲ, ನನ್ನದೇ ಹಳೇ ಕ್ಯಾಸೆಟ್ ಎತ್ತಿ ಹಿಡಿದ. 'ಸ್ವಾಮಿ, ಇವರೇ ಬರೆದಿದ್ದಾರೆ, ಜನಪದ ಅಂತ. ಯಾರದ್ದೂ ಅಲ್ಲದ ಹಾಡಿಗೆ ಇವರು ಯಾವ ಒಡೆಯರು?' ಇಡೀ ಕೋರ್ಟೇ ನಕ್ಕಿತು. ನಾನೂ ನಕ್ಕೆ. ಒಳ್ಳೇ ಪಾಯಿಂಟು, ಒಪ್ಪಬೇಕಾದ್ದೇ. ನನ್ನ ಕತ್ತರಿಯಲ್ಲಿ ನನ್ನದೇ ಜೇಬು ಕತ್ತರಿಸಿದ.

ಅದಕ್ಕೇ ಬಂದೆ. ಆ ಹಾಡು ಜನಪದ ಅಲ್ಲ ಅಂತ ಹೇಳೋಕೆ ಈ ಭೂಮಿ ಮೇಲೆ ಇರೋರು ನೀವೊಬ್ಬರೇ.

ಏನು? ಏನೂ ಅನ್ನಲಿಲ್ವಾ... ಏನೋ ಅಂದ ಹಾಗೆ ಕೇಳಿಸ್ತು.

ನಾಳೆ ಕೋರ್ಟಿಗೆ ಬಂದು ಮೂರು ಮಾತು ಹೇಳಿ, ಸಾಕು. 'ಆ ಹಾಡು ನಾನು ಕಟ್ಟಿದ್ದು.' 'ನಾನೇ ಕೊಟ್ರಪ್ಪನವರಿಗೆ ಕೊಟ್ಟಿದ್ದು.' 'ನಾನು ಕಟ್ಟಿದ್ದು ಅಂತ ಅವರಿಗೆ ಹೇಳಿರಲಿಲ್ಲ.' ಈ ಮೂರನೇದು ಬಹಳ ಮುಖ್ಯ. ಗೊತ್ತಿದ್ದೂ ಜನಪದ ಅಂತ ಹಾಕಿಸಿದ್ದರೆ ಅದು ಮೋಸ ಆಗುತ್ತೆ, ಕೇಸು ಅಲ್ಲೇ ಬಿದ್ದುಹೋಗುತ್ತೆ. ಗೊತ್ತಿಲ್ಲದೆ ಹಾಕಿಸಿದ್ದರೆ ಬರೀ ತಪ್ಪು. ತಪ್ಪನ್ನ ತಿದ್ದಬಹುದು. ತಿದ್ದಿಸ್ತೀನಿ! ನಿಮ್ಮ ಹೆಸರು, ನಿಮ್ಮ ಫೋಟೋ, ದೊಡ್ಡದಾಗಿ, ಗೂಳಿಗಿಂತ ದೊಡ್ಡದಾಗಿ!

ನನಗೆ ಗೊತ್ತಿರಲಿಲ್ಲ ಅನ್ನೋದು ನಿಜ ತಾನೆ? ಆವತ್ತು ನಾನು ಸ್ಟುಡಿಯೋದಲ್ಲಿ ಇರಲೇ ಇಲ್ಲವಲ್ಲ. ಹುಬ್ಬಳ್ಳಿಯಲ್ಲಿದ್ದೆ, ಡೀಲರುಗಳ ಮೀಟಿಂಗಿತ್ತು. ರೆಕಾರ್ಡಿಂಗ್ ನೋಡಿಕೊಂಡವನು ಇಂಜಿನಿಯರ್ ಹನುಮೇಶ. ಪುಣ್ಯಾತ್ಮ, ತೀರಿಕೊಂಡ. ಇದ್ದಿದ್ದರೆ ಅವನೇ ಬಂದು ಹೇಳ್ತಿದ್ದ... ಯಾಕೆ ಹಾಗೆ ನೋಡಿದ್ರಿ? ಹುಬ್ಬಳ್ಳಿ ಅಂದೆ, ಹುಬ್ಬಳ್ಳಿ. ನೀವು ಹಂಚಿನ ಕಡೆ ನೋಡಿ.

ಬರ್ತೀರಿ ಅಲ್ವಾ? ತಲೆ ಆಡಿಸಿ ಸಾಕು. ಅಯ್ಯೋ, ಹೂಂ ಅನ್ನೋಕೂ ಜಿಪುಣತನವೇ? ನಾನು ಭಿಕ್ಷೆ ಬೇಡೋಕೆ ಬಂದಿಲ್ಲ ಮುತ್ತವ್ವ, ಅದು ನೆನಪಿರಲಿ. ನಾನು ಬಿದ್ದಿಲ್ಲ. ಯಶ್ವಂತನಿಗೆ ತೋರಿಸ್ತೀನಿ. ಅದೇ ಬೋರ್ಡು, ಅದೇ ಏಣಿ, ಅವನ ಕೈಯಲ್ಲೇ ನಟ್ಟು ಬಿಗಿಸ್ತೀನಿ. ಬಲಕ್ಕೆ ತಿರುಗಿಸೋ ಅಂತ ನಾನೇ ಹೇಳ್ತೀನಿ!

ಬನ್ನಿ, ಒಂದ್ಸಲ ಪ್ರಾಕ್ಟೀಸ್ ಮಾಡೋಣ. ಆ ವಕೀಲ ಬಿಡಲ್ಲ. 'ಅಮ್ಮಾ, ಇದು ನೀವೇ ಕಟ್ಟಿದ್ದು ಅನ್ನೋದಕ್ಕೆ ಏನು ಗುರುತು?' ಅಂತಾನೆ. ಹೆದರಬೇಡಿ. ಧೈರ್ಯವಾಗಿ ಹೇಳಿ, 'ನಾನು ಮೊದಲು ಹಾಡಿದಾಗ ಅದರಲ್ಲಿ ಕಂದವ್ವ ಅಂತ ಇರಲಿಲ್ಲ ಸ್ವಾಮಿ. ನಿಂಗವ್ವ ಅಂತ ಇತ್ತು. ನನ್ನ ಮಗಳ ಹೆಸರು' ಅಂತ. ಇಡೀ ಕೋರ್ಟೇ ತಣ್ಣಗಾಗುತ್ತೆ ನೋಡಿ! ಆ ಮೊದಲನೇ ಟೇಕ್ ಇನ್ನೂ ಇದೆ, ಹನುಮೇಶ ಯಾವುದನ್ನೂ ಅಳಿಸ್ತಿರಲಿಲ್ಲ. ನಿಧಾನ, ಬರೀ ಏಕತಾರಿ. ಮೈ ಕೂದಲು ನೆಟ್ಟಗಾಗುತ್ತೆ! 'ಎದ್ದು ಬಾರ ನಿಂಗವ್ವ' ಅಂದವರೇ ಅಲ್ಲಿಗೇ ನಿಲ್ಲಿಸಿಬಿಟ್ರಿ. ಗಾಜಿನ ಈಚೆಯಿಂದ ನೋಡ್ತಿದ್ದೀನಿ, ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದ್ರಿ. ನಾನೇ ನೀರಿನ ಲೋಟ ಹಿಡ್ಕೊಂಡು ಒಳಗೆ...

ಯಾಕೆ ಬಡಿಯೋದು ನಿಲ್ಲಿಸಿದ್ರಿ?

ಹುಬ್ಬಳ್ಳಿಗೆ ಹೋಗಿದ್ದು ಆಮೇಲೆ. ಸಂಜೆ ಬಸ್ಸಿಗೆ. ಬೆಳಗ್ಗೆ ಸುಮ್ಮನೆ ಒಂದು ಗಳಿಗೆ ಸ್ಟುಡಿಯೋ ಕಡೆ... ಅಲ್ಲ, ಇದನ್ನೆಲ್ಲ ಹನುಮೇಶ ಹೇಳಿದ್ದು. ಅವನು ಹೇಳಿದ್ದನ್ನೇ ನಾನು ನೋಡಿದ ಹಾಗೆ... ವಯಸ್ಸಾಯ್ತಲ್ಲ.

ನೀವೇನೂ ಕೇಳ್ತಾ ಇಲ್ಲ. ಕೇಳಿ! ಬೈಯಬೇಕು ಅನ್ನಿಸಿದರೆ ಬೈಯಿರಿ. ಹೆಸರು ತೆಗೆಸಿದ್ದು ಅಂಥಾ ಅಪರಾಧವೇ? ಮಣ್ಣಿಗೆ ಹೋದ ಮಗೂನ ಹೆಸರು ಇಟ್ಟುಕೊಂಡು ಅದನ್ನ ಯಾವ ತಾಯಿ ನಾಮಕರಣಕ್ಕೆ ಹಾಕ್ತಿದ್ದಳು? ತಬಲಾ ಹಾಕಿಸ್ದೆ, ಗೆಜ್ಜೆ ಹಾಕಿಸ್ದೆ, ಓಟ ಜಾಸ್ತಿ ಮಾಡಿಸ್ದೆ. ಅದಕ್ಕೇ ನಾಡೆಲ್ಲ ಹಾಡಿತು! ಇಲ್ಲದಿದ್ದರೆ ನಿಮ್ಮ ನಿಂಗವ್ವ ನಿಮ್ಮ ಊರಿನ ಹೊಲದಲ್ಲೇ...

ಬೇಡ, ಆ ಮಾತು ಬೇಡ.

ನಾಳೆ ಗಾಡಿ ಕಳಿಸ್ತೀನಿ. ಬೆಳಗ್ಗೇನೇ. ಮೂರು ಮಾತು, ಅಷ್ಟೇ... ಇಲ್ಲ, ಎರಡೇ ಹೇಳಿ. ಮೂರನೇದು ನಾನು ಹೇಗೋ ನೋಡ್ಕೋತೀನಿ.

ಯಾಕೆ ಹಾಗೆ ಕೂತುಬಿಟ್ಟಿರಿ? ಕೈಯೆಲ್ಲ ಹಿಟ್ಟು ಮಾಡ್ಕೊಂಡು... ಹಂಚಿನಿಂದ ಹೊಗೆ ಏಳ್ತಿದೆ ನೋಡಿ. ರೊಟ್ಟಿ ಸೀಯ್ತಿದೆ. ತಿರುವಿ ಹಾಕಿ.

ಮುತ್ತವ್ವ. ಕೇಳಿಸ್ತಾ? ತಿರುವಿ ಹಾಕು.