ಮುನ್ನೂರು ಹಪ್ಪಳದ ಓಲೆ

ಹತ್ತಿರ ಬನ್ನಿ, ಕಾಲು ಮಡಚಿ ಕೂತ್ಕೊಳ್ಳಿ. ಈ ಕಥೆ ಸುಳ್ಳಾದರೆ ನನ್ನ ಅರ್ಧ ಮೀಸೆ ಬೋಳಿಸಿ. ನಿಜವಾದರೆ ಇಡೀ ಮೀಸೆಗೆ ಎಣ್ಣೆ ಹಚ್ಚಿ.

ಹುಣಸೆಹಣ್ಣು ಸಿಹಿಯಾಗಿದ್ದ ಕಾಲ. ಕತ್ತೆಗಳು ಸರದಿಯಲ್ಲಿ ನಿಂತು ಹಾಡುತ್ತಿದ್ದ ಕಾಲ. ನಾನು ಇವತ್ತಿಗಿಂತ ಚೆಲುವನಾಗಿದ್ದ ಕಾಲ. ನಗಬೇಡಿ, ಕೇಳಿ! ಆಗ ಒಂದು ಊರು. ಹೆಸರಿಡೋಣ ಅಂತ ಹಿರಿಯರೆಲ್ಲ ಸೇರಿದ್ದರು. ಅಷ್ಟರಲ್ಲಿ ಊಟ ಬಂತು, ಹೆಸರು ಮರೆತೇಹೋಯಿತು.

ಆ ಊರಲ್ಲಿ ಮೊಗಣ್ಣ ಅಂತ ಒಬ್ಬ ಹಪ್ಪಳದ ವ್ಯಾಪಾರಿ. ಮಗಳು ದೇವೀರಿ ಹಪ್ಪಳ ಲಟ್ಟಿಸುವಳು, ಅಪ್ಪ ಸಂತೆಯಲ್ಲಿ ಮಾರುವನು. ಮಗಳನ್ನು ಹೊಸ್ತಿಲು ದಾಟಲು ಬಿಟ್ಟವನಲ್ಲ. "ನನ್ನ ಕಣ್ಣು ತಪ್ಪಿಸಿ ಗಾಳಿ ಕೂಡ ಈ ಮನೆಗೆ ನುಗ್ಗಲ್ಲ!" ಅಂತ ಜಂಭ.

ಒಂದು ದಿನ ದೇವೀರಿಗೆ ಬೇಜಾರಾಯಿತು. ಸೂಜಿ ತಗೊಂಡು ಹಸಿ ಹಪ್ಪಳದ ಮೇಲೆ ಸಾಸಿವೆಗಿಂತ ಸಣ್ಣಕ್ಷರದಲ್ಲಿ ಗೀಚಿದಳು: "ಇದನ್ನು ತಿನ್ನುವವರೇ, ನೀವು ಯಾವತ್ತಾದರೂ ನಗುತ್ತೀರಾ? ಇಲ್ಲಿ ಯಾರೂ ನಗುವುದಿಲ್ಲ. ಮೊಗಣ್ಣನ ಮಗಳು ದೇವೀರಿ."

ಆ ಹಪ್ಪಳ ಯಾರಿಗೆ ಸಿಕ್ಕಿತು? ಸಂತೆಯಲ್ಲಿ ಮೊಗಣ್ಣನ ಪಕ್ಕದಲ್ಲೇ ಬಾಳೆಲೆ ಮಾರುವ ಕಾಳಿಂಗನಿಗೆ! ಮನೆಗೆ ಒಯ್ದು ಎಣ್ಣೆಗೆ ಬಿಟ್ಟ. ಹಪ್ಪಳ ಅರಳಿತು, ಜೊತೆಗೆ ಅಕ್ಷರಗಳೂ ಅರಳಿದವು! ಸಾಸಿವೆಯಷ್ಟಿದ್ದದ್ದು ನೆಲ್ಲಿಕಾಯಿಯಷ್ಟಾಯಿತು. ಓದಿದ. ನಕ್ಕ. ತಿನ್ನಲು ಮನಸ್ಸೇ ಬರಲಿಲ್ಲ.

ಉತ್ತರ ಕೊಡಬೇಕಲ್ಲ? ಮೊಗಣ್ಣ ದಿನಾ ಅವನಿಗೆ ಹಪ್ಪಳ ಕೊಟ್ಟು ಎಲೆ ಕಟ್ಟು ಒಯ್ಯುತ್ತಿದ್ದ. ಕಾಳಿಂಗ ಒಳಗಿನ ಎಲೆಯ ಮೇಲೆ ಜಾಲಿಮುಳ್ಳಿನಿಂದ ಬರೆದ. ಎಲೆಯ ಮೇಲೆ ಗೀರಿದ್ದು ಆಗಲೇ ಕಾಣುತ್ತದಾ? ಇಲ್ಲ. ಎರಡು ಗಳಿಗೆ ಕಳೆದ ಮೇಲೆ ಕಪ್ಪಾಗುತ್ತದೆ. ಅಷ್ಟರಲ್ಲಿ ಎಲೆ ದೇವೀರಿಯ ಅಡುಗೆಮನೆ ಸೇರಿತ್ತು. "ನಗುತ್ತೇನೆ. ಆದರೆ ನನ್ನ ನಗು ಕೇಳಿ ಎಮ್ಮೆಗಳು ಬೆದರುತ್ತವೆ. ಕಾಳಿಂಗ."

ಹೋಯಿತು ಹಪ್ಪಳ, ಬಂತು ಎಲೆ. ಹೋಯಿತು ಹಪ್ಪಳ, ಬಂತು ಎಲೆ. ಹೋಯಿತು ಹಪ್ಪಳ, ಬಂತು ಪ್ರೀತಿ! ಇವನ ಮುಖ ಅವಳು ನೋಡಿಲ್ಲ, ಅವಳ ಮುಖ ಇವನು ನೋಡಿಲ್ಲ. ಟಪಾಲು ಹೊತ್ತವನು ಯಾರು? ಸಾಕ್ಷಾತ್ ಮೊಗಣ್ಣ! ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತಾರಲ್ಲ, ಇಲ್ಲಿ ಬೇಲಿಯೇ ಎದ್ದು ದನಕ್ಕೆ ದಾರಿ ತೋರಿಸಿತು.

ಹೀಗಿರುವಾಗ ಮೊಗಣ್ಣ ಮಗಳಿಗೆ ಗಂಡು ಗೊತ್ತುಮಾಡಿದ. ಹೆಸರು ದೊಡ್ಡತಮ್ಮ. ಹೊಲವಿದೆ, ಮನೆಯಿದೆ, ಹೊಟ್ಟೆಯೂ ಇದೆ. "ಸೋಮವಾರ ವೀಳ್ಯಶಾಸ್ತ್ರ" ಅಂದುಬಿಟ್ಟ.

ದೇವೀರಿಯ ಎದೆ ಒಡೆಯಿತು. ಏನು ಮಾಡಿಯಾಳು? ಮೂರು ದಿನ ಲಟ್ಟಿಸಿ, ಮೂರು ದಿನ ಬರೆದು, ಮುನ್ನೂರು ಹಪ್ಪಳದಲ್ಲಿ ಒಂದೇ ಓಲೆ ಮಾಡಿದಳು. ಮೊದಲ ದಿನದಿಂದ ಹಿಡಿದು ಎಲ್ಲ ಕಥೆ. ಓದುವವನಿಗೆ ದಿಕ್ಕು ತಪ್ಪಬಾರದೆಂದು ಮೂಲೆಯಲ್ಲಿ ಅಂಕಿ. ಮುನ್ನೂರನೆಯದರಲ್ಲಿ ಮಾತ್ರ ಅವನ ಹೆಸರು, "ಬಂದು ನನ್ನನ್ನು ಕೇಳು" ಎಂಬ ಮಾತು.

ಮೊಗಣ್ಣ ಆ ರಾಶಿ ನೋಡಿದ. "ಆಹಾ! ಇದನ್ನು ಸಂತೆಗೆ ಯಾಕೆ ಒಯ್ಯಲಿ? ವೀಳ್ಯದ ಊಟಕ್ಕೇ ಇರಲಿ!"

"ಬೇಡ ಅಪ್ಪಯ್ಯ, ಉಪ್ಪು ಹೆಚ್ಚಾಗಿದೆ!"

"ನೆಂಟರಿಗೆ ನೀರು ಕೊಟ್ಟರಾಯ್ತು, ಬಿಡು."

ಸೋಮವಾರ ಬಂತು. ಮುನ್ನೂರು ಜನ ಪಂಕ್ತಿಯಲ್ಲಿ ಕೂತರು. ನಾನೂ ಇದ್ದೆ, ನನ್ನದು ನಲವತ್ತೊಂದನೆಯ ಹಪ್ಪಳ! ಎಣ್ಣೆಯಿಂದ ಎದ್ದ ಹಪ್ಪಳ ಎಲೆಗೆ ಬಿತ್ತು. ನೋಡುತ್ತೇನೆ, ಅಕ್ಷರ!

"ಲೋ, ನಿಂದರಲ್ಲಿ ಏನಿದೆ?"

"'ನಿನ್ನ ನಗುವಿಗೆ ಎಮ್ಮೆ ಬೆದರಿತಂತೆ' ಅಂತಿದೆ. ಮುಂದಿನದು ಯಾರ ಹತ್ರ?"

"ಇಲ್ಲಿದೆ! ತಾಳು, ಮುರೀಬೇಡ! ಅಯ್ಯೋ, ಈ ಹುಡುಗಿ ಪಾಪ ಕಣಪ್ಪಾ!"

ಹಪ್ಪಳಗಳು ಕೈಯಿಂದ ಕೈಗೆ ಹಾರಾಡಿದವು. ಒಬ್ಬ ಅತ್ತ, ಒಬ್ಬ ನಕ್ಕ, ಒಬ್ಬಳು ಅಜ್ಜಿ ನಾಚಿದಳು. ಆ ಊರಿನ ಪದ್ಧತಿ ಏನು? ಎಲ್ಲರ ಎಲೆಯೂ ಖಾಲಿಯಾಗುವವರೆಗೆ ಯಾರೂ ಪಂಕ್ತಿಯಿಂದ ಏಳುವಂತಿಲ್ಲ. ಹಪ್ಪಳವನ್ನು ಯಾರೂ ತಿನ್ನುತ್ತಿಲ್ಲ, ಯಾರೂ ಏಳುತ್ತಿಲ್ಲ. ವೀಳ್ಯದ ಮುಹೂರ್ತ ಬಂತು, ಬಾಗಿಲಲ್ಲಿ ನಿಂತಿತು, ಬೇಸತ್ತು ಹೊರಟೇ ಹೋಯಿತು.

ಇನ್ನೂರ ತೊಂಬತ್ತೊಂಬತ್ತು ಓದಿ ಮುಗಿಯಿತು. "ಹುಡುಗ ಯಾರು? ಮುನ್ನೂರು ಎಲ್ಲಿ?"

ಎಲ್ಲರೂ ದೊಡ್ಡತಮ್ಮನ ಕಡೆ ತಿರುಗಿದರು. ಅವನ ಬಾಯಲ್ಲಿ ಕರುಂ ಕುರುಂ!

"ಅಯ್ಯೋ ಪುಣ್ಯಾತ್ಮ! ಅದರಲ್ಲಿ ಏನಿತ್ತೋ?"

"ಏನಿತ್ತು? ಉಪ್ಪು ಸರಿಯಾಗೇ ಇತ್ತು."

ಹುಡುಗನ ಹೆಸರೇ ಗಂಡಿನ ಹೊಟ್ಟೆ ಸೇರಿತ್ತು! ಮೊಗಣ್ಣ ಗುಡುಗಿದ: "ಯಾರವನು? ದೇವೀರಿ, ಹೇಳೇ!" ಒಳಗೆ ದೇವೀರಿ ತುಟಿ ಕಚ್ಚಿ ನಿಂತಿದ್ದಳು. ಹೇಳಿದರೆ ಅವನನ್ನು ಹೊಡೆದಾರು. ಹೇಳದಿದ್ದರೆ ದೊಡ್ಡತಮ್ಮನಿಗೆ ಕಟ್ಟಿಯಾರು.

ಜನಕ್ಕೆ ಸಿಟ್ಟು ಬಂತು. ಸಿಟ್ಟು ಬಂದರೆ ಏನು ಮಾಡುತ್ತಾರೆ? ಮುಂದಿರುವುದನ್ನು ಉಣ್ಣುತ್ತಾರೆ. ಅನ್ನ ಸರಿಸಿದರು, ಸಾರು ಸರಿಸಿದರು, ಪಲ್ಯ ಸರಿಸಿದರು. ಎಲೆಯ ಮೇಲೆ ಕಪ್ಪಗೆ ಎದ್ದಿತ್ತು ಬರಹ! "ದೇವೀರೀ, ಯಾವ ಎಲೆ ನಿನಗೆ ಸಿಗುತ್ತದೋ ಗೊತ್ತಿಲ್ಲ, ಎಲ್ಲದರಲ್ಲೂ ಬರೆದಿದ್ದೇನೆ. ನೀನು ಹೂಂ ಅಂದರೆ ಪಂಕ್ತಿಯೆದುರಿಗೇ ಕೇಳುತ್ತೇನೆ. ಕಾಳಿಂಗ." ಮುನ್ನೂರು ಎಲೆಯಲ್ಲೂ ಅದೇ ಮಾತು!

ವೀಳ್ಯದ ಊಟಕ್ಕೆಂದು ಮೊಗಣ್ಣನೇ ತರಿಸಿದ್ದ ಎಲೆಯ ಕಟ್ಟು ಹಿಡಿದು ಮೂಲೆಯಲ್ಲಿ ನಿಂತಿದ್ದ ಕಾಳಿಂಗ ಮುಂದೆ ಬಂದ. ದೇವೀರಿ ಬಾಗಿಲಿಗೆ ಬಂದಳು. ಮೊದಲ ಸಲ ನೋಡಿದಳು.

"ಇಷ್ಟು ಕುಳ್ಳನಾ ನೀನು?"

"ಎಲೆ ಹೊತ್ತೂ ಹೊತ್ತೂ ಇಳಿದುಹೋದೆ."

"ಇರಲಿ ಬಿಡು. ಹೂಂ."

"ಎಲೆ ಮಾರುವವನಿಗೆ ನನ್ನ ಮಗಳಾ?" ಮೊಗಣ್ಣ ಕೋಲು ಎತ್ತಿದ.

ಆಗ ದೊಡ್ಡತಮ್ಮ ಕೈ ನೆಕ್ಕುತ್ತಾ ಹೇಳಿದ: "ಮಾವ, ನನ್ನ ಮಾತು ಬಿಡಿ. ಇಷ್ಟು ಚೆಂದದ ಕಥೆ ಕೆಡಿಸಿದವನು ಅಂತ ಮುನ್ನೂರು ಜನರ ಶಾಪ ನನಗೆ ಬೇಡ. ಒಂದೇ ಒಂದು ಪ್ರಶ್ನೆ. ಇಷ್ಟು ದಿನ, ಈ ಹಾಳು ಹಾದಿಯಲ್ಲಿ, ಒಂದು ಹಪ್ಪಳ ಮುರಿಯದಂತೆ, ಒಂದು ಎಲೆ ಹರಿಯದಂತೆ ಸಾಗಿಸಿದ ಆ ಧೀರ ಯಾರು?"

ಮೊಗಣ್ಣನ ಕೋಲು ಗಾಳಿಯಲ್ಲೇ ನಿಂತಿತು. ಪಂಕ್ತಿಯೆಲ್ಲ ಅವನನ್ನೇ ನೋಡಿತು. ಅವನ ಎದೆ ಉಬ್ಬಿತು, ಮೀಸೆ ಕುಣಿಯಿತು.

"ನಾನೇ ಕಣ್ರೀ! ನಾನಲ್ಲದೆ ಇನ್ಯಾರಿಗೆ ಆಗುತ್ತಿತ್ತು?"

"ಹಾಗಾದರೆ ಈ ಮದುವೆ ಕುದುರಿಸಿದವರೇ ನೀವು!" ಅಂದಿತು ಪಂಕ್ತಿ.

"ಮತ್ತೆ?" ಅಂದ ಮೊಗಣ್ಣ, ಕೋಲು ಮೂಲೆಗಿಟ್ಟು. "ತಾಂಬೂಲ ತನ್ನಿ!"

ಅವರು ಅಲ್ಲಿ ಸುಖವಾಗಿದ್ದಾರೆ, ನಾವು ಇಲ್ಲಿ ಹಸಿದಿದ್ದೇವೆ. ಕಥೆ ನಂಬಿದವರಿಗೆ ಪಾಯಸ, ನಂಬದವರಿಗೆ ಪಾತ್ರೆ ತೊಳೆಯುವ ಕೆಲಸ!